ಬೆಳ್ಳಟ್ಟಿಯ ಹೆಸರು

"ಏನ್ರೀ, ಹೇಳೋರ ಕೇಳೋರ ಇಲ್ಲಂತ ನಮ್ಮ ಹೆಸರಕಾಯಿ ಹರ್ಕೊಳ್ಳಾಕತ್ತೀರೇನು?"

ಹೊಲದಲ್ಲಿ ಬಗ್ಗಿದ್ದ ವೀರೇಶ ಬೆಚ್ಚಿ ಎದ್ದ. ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ಶೀತಲ್. ಕೃಷಿ ಪದವಿ ಮುಗಿಸಿ, ಬೆಳ್ಳಟ್ಟಿಯ ಆ ಎಂಟು ಎಕರೆಯನ್ನು ತಾನೇ ನಿಂತು ಮಾಡಿಸುವವಳು.

"ನಾನು ಗದಗದಾಗ ಬೆಳೆ ವಿಜ್ಞಾನಿರಿ. ಸುತ್ತ ಎಲ್ಲಾ ಹೊಲಕ್ಕೂ ಹಳದಿ ರೋಗ ಬಿದ್ದೈತಿ, ನಿಮ್ದೊಂದ ಹಸರ ಐತಿ. ಯಾಕಂತ ನೋಡಾಕ ಬಂದೆ."

"ಕೇಳಿ ಬರಬೇಕಿಲ್ಲೋ?"

"ತಪ್ಪಾತ್ರಿ." ಅವನು ಕಾಯಿಗಳನ್ನೆಲ್ಲ ಅವಳ ಬೊಗಸೆಗೆ ಸುರಿದ. ಬೆರಳು ತಾಗಿತು. ಅವಳ ಕಣ್ಣಿನ ಸಿಟ್ಟು ಅರ್ಧ ಇಳಿಯಿತು.

ಮರುವಾರ ಕೇಳಿಯೇ ಬಂದ. ರೋಗ ತಾಗದ ಆ ಹೆಸರುಕಾಳು ಅವಳ ಅಜ್ಜಿ ಗುರುಸಿದ್ದವ್ವ ವರ್ಷವರ್ಷವೂ ಆರಿಸಿ ಉಳಿಸಿಕೊಂಡ ಬೀಜ. ಅದರ ಗುಟ್ಟು ಹುಡುಕಲು ಆಸ್ಟ್ರೇಲಿಯಾದ ವಿಜ್ಞಾನಿಗಳು ವೀರೇಶನ ಜೊತೆಗೂಡಲು ಸಿದ್ಧರಿದ್ದರು. ಎರಡು ದೇಶಗಳ ಜಂಟಿ ಸಂಶೋಧನೆಗೆ ಸಿಗುವ ಕೇಂದ್ರ ಸರ್ಕಾರದ ಅನುದಾನಕ್ಕೆ ಅವನು ಅರ್ಜಿಯನ್ನೂ ಬರೆದಿದ್ದ.

"ಬೀಜ ಅಲ್ಲಿಗೆ ಹೋತಂದ್ರ ನಮ್ದಂತ ಉಳೀತೈತೇನ್ರಿ?"

ಶೀತಲ್ ಹೀಗೆ ಕೇಳಿದ ಮೇಲೆ ವೀರೇಶ ಅರ್ಜಿಯನ್ನು ಅವಳ ಪಡಸಾಲೆಯಲ್ಲೇ ಕುಳಿತು ಮತ್ತೆ ಬರೆದ. ಊರವರ ಒಪ್ಪಿಗೆಯಿಲ್ಲದೆ ಬೀಜ ಹೊರಹೋಗುವಂತಿಲ್ಲ. ಅದರಿಂದ ಬರುವ ಹೊಸ ತಳಿಗೆ ಬೆಳ್ಳಟ್ಟಿಯದೇ ಹೆಸರು. ಇಷ್ಟು ಷರತ್ತಿಗೆ ಅನುದಾನ ಸಿಗುವುದಿಲ್ಲವೆಂದು ಮೇಲಧಿಕಾರಿ ಎಚ್ಚರಿಸಿದರೂ ಅಳಿಸಲಿಲ್ಲ.

"ಈ ಸಾಲು ನಿನ್ನೆನೂ ತಿದ್ದಿದ್ರಲ್ರೀ? ಗದಗದಿಂದ ಸಾಲು ತಿದ್ದಾಕ ಬರ್ತೀರೋ, ಚಹಾ ಕುಡ್ಯಾಕೋ?"

"ಎರಡಕ್ಕೂ ಅಲ್ರಿ."

ಶೀತಲ್ ತಟ್ಟನೆ ಕಾಗದದಲ್ಲಿ ಮುಖ ಹುದುಗಿಸಿದಳು. ಕಿವಿ ಮಾತ್ರ ಕೆಂಪಾಗಿ ಹೊರಗೇ ಉಳಿಯಿತು.

ದೆಹಲಿಯ ಅನುದಾನ ಸಮಿತಿ ವಿಡಿಯೋದಲ್ಲಿ ಸಂದರ್ಶನ ನಡೆಸಿತು. "ಇಂಥ ಷರತ್ತನ್ನು ವಿದೇಶದವರು ಯಾಕೆ ಒಪ್ಪಬೇಕು?" ಎಂದರು ಒಬ್ಬರು. ವೀರೇಶ ಲ್ಯಾಪ್‌ಟಾಪನ್ನು ಪಕ್ಕದಲ್ಲಿದ್ದ ಶೀತಲಳತ್ತ ತಿರುಗಿಸಿದ.

ಅವಳು ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದಳು: "ಬೀಜ ಕಾಪಾಡಿದವರನ್ನು ಬಿಟ್ಟು ಸಹಕಾರ ಯಾರ ಜೊತೆ, ಸರ್? ನಮ್ಮ ಅಜ್ಜಿಯೂ ಐವತ್ತು ವರ್ಷ ಸಂಶೋಧನೆಯನ್ನೇ ಮಾಡಿದ್ದಾಳೆ."

ಪರದೆಯ ಮೂಲೆಯಲ್ಲಿದ್ದ ಆಸ್ಟ್ರೇಲಿಯಾದ ವಿಜ್ಞಾನಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಎರಡು ತಿಂಗಳ ನಂತರ, ನಡು ಮಧ್ಯಾಹ್ನ, ವೀರೇಶ ಬೈಕನ್ನು ದಾರಿಯಲ್ಲೇ ಬಿಟ್ಟು ಹೊಲಕ್ಕೆ ಓಡಿಬಂದ.

"ಮಂಜೂರಾತು! ಒಂದ ಷರತ್ತೂ ತಗದಿಲ್ಲ!"

ಕಳೆ ತೆಗೆಯುತ್ತಿದ್ದ ಹೆಂಗಸರು ಕೇಕೆ ಹಾಕಿದರು. ಗುರುಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಇನ್ನ ಮೂರ ವರ್ಷ ಇಲ್ಲಿಗೆ ಬರಾಕ ನನಗ ಸರ್ಕಾರದ ಆರ್ಡರ್ ಐತಿ," ಎಂದ ವೀರೇಶ, ಏದುಸಿರಿನಲ್ಲೇ.

"ಆಮ್ಯಾಲೆ?"

"ಆಮ್ಯಾಲಿಂದು ನೀವ ಮಂಜೂರ ಮಾಡಬೇಕ, ಶೀತಲ್."

ಅವಳು ಎಲ್ಲರೆದುರೇ ಅವನ ಕೈ ಹಿಡಿದಳು.

"ಅದು ಮಂಜೂರಾಗಿ ಭಾಳ ದಿನಾ ಆತ್ರಿ. ನೀವ ಅರ್ಜಿ ಹಾಕಿರ್ಲಿಲ್ಲ."