ಜರ್ಮನ್ ಚೊಂಬು

"ಬೆಳ್ಳಿ ಕಪ್ ಹೋಯ್ತು ಕುಶಲಾ! ಸಂಜೆಯೊಳಗೆ ಸಿಗದಿದ್ದರೆ ಲತೀಶ ನಮ್ಮ ದಾನಮ್ಮನನ್ನು ಪೊಲೀಸರಿಗೆ ಕೊಡ್ತಾನಂತೆ."

ಠಾಣೆ ಪಟ್ಟಣದ ನೌಪಾಡಾದಿಂದ ಡೊಂಬಿವಲಿಗೆ ಓಡಿಬಂದಿದ್ದ ವನಮಾಲಕ್ಕ ಕೂತಲ್ಲೇ ಅತ್ತರು. ಪತ್ತೇದಾರಿಣಿ ಕುಶಲಕ್ಕನ ನೆರಳಿನಂತಿದ್ದ ಜಯಶೀಲ ನೀರು ತಂದಿಟ್ಟಳು. ಗಂಡ ಮುಂಡಪ್ಪಣ್ಣ ತೀರಿಕೊಂಡ ಮೇಲೆ ವನಮಾಲಕ್ಕನ ಮನೆಯಲ್ಲಿ ಮಾತಿಗೆ ಉಳಿದವರು ಇಬ್ಬರೇ: ಅವರು ಹಡಗಿನ ಕೆಲಸದಲ್ಲಿದ್ದಾಗ ಜರ್ಮನಿಯಿಂದ ತಂದ ಆ ಕಪ್, ಮತ್ತು ಕಲಬುರಗಿಯ ಕೆಲಸದಾಕೆ ದಾನಮ್ಮ. ಕಪ್ ಕೇಳಿಸಿಕೊಳ್ಳುತ್ತಿತ್ತು, ದಾನಮ್ಮ ಉತ್ತರ ಕೊಡುತ್ತಿದ್ದಳು.

ಅವರು ತೋರಿಸಿದ ಫೋಟೋದಲ್ಲಿ ಕಪ್ಪಿನ ಮೈತುಂಬ ದ್ರಾಕ್ಷಿಬಳ್ಳಿ, ಜಿಂಕೆ ಅಟ್ಟುವ ಬೇಟೆನಾಯಿಗಳು. ಹೆಬ್ಬೆರಳಲ್ಲಿ ಒತ್ತಿ ತೆರೆಯುವ ಮುಚ್ಚಳ. ನೂರು ವರ್ಷಕ್ಕೂ ಹಳೆಯದು.

"ಇಷ್ಟು ಮಸಿ?"

"ಉಜ್ಜಿದರೆ ಇವರ ಕೈಯ ಗುರುತು ಹೋಗ್ತದಲ್ಲ."

"ಅಂದರೆ ಕಪ್ ಕಪ್ಪಾಗಿತ್ತು," ಎಂದರು ಕುಶಲಕ್ಕ. ಈ ಹೊತ್ತಲ್ಲೂ ಚೇಷ್ಟೆಯೇ ಎಂದು ಜಯಶೀಲ ಗದರುವಂತೆ ನೋಡಿದಳು. "ಮನೆಯಲ್ಲಿ ಅದಕ್ಕೆ ಏನಂತೀರಿ?"

"ಇವರಿದ್ದಾಗಿನಿಂದಲೂ ಜರ್ಮನ್ ಚೊಂಬು. ಪೇಂಟಿಂಗಿನವರು ಬರ್ತಾರೆ, ಚೊಂಬು ತೆಗೆದಿಡು ಅಂತ ದಾನಮ್ಮನಿಗೆ ಅಂದೆ. 'ಇಟ್ಟೀನ್ರಿ' ಅಂದಳು. ಕಪಾಟಿನಲ್ಲಿಲ್ಲ. ಈಗ ಬೆಳ್ಳಿ ನೋಡೇ ಇಲ್ಲ ಅಂತಾಳೆ!"

ಸಂಜೆ ನೌಪಾಡಾದಲ್ಲಿ ಎಲ್ಲರೂ ಸೇರಿದರು. "ಟೈಂಪಾಸ್ ಬೇಡ ಆಂಟಿ," ಎಂದು ಕುಶಲಕ್ಕನಿಗೆ ಹೇಳಿದ ವನಮಾಲಕ್ಕನ ತಮ್ಮನ ಮಗ ಲತೀಶ. "ಮೈನೆ ಪೂಛಾ ನಾ, ಚಾಂದಿ ಕಾ ಮಗ್ ಕಿಧರ್ ಹೈ?"

"ಬೆಳ್ಳಿ ನಾ ಮುಟ್ಟಿಲ್ರೀ," ಎಂದು ದಾನಮ್ಮ ಬಾಗಿಲ ಮೂಲೆಯಲ್ಲಿ ಬಿಕ್ಕಿದಳು.

ಕುಶಲಕ್ಕ ಗೋಡೆಯತ್ತ ತಿರುಗಿ, ಥೇಟ್ ವನಮಾಲಕ್ಕನ ದನಿಯಲ್ಲಿ ಕೂಗಿದರು: "ದಾನಮ್ಮಾ, ಆ ಜರ್ಮನ್ ಚೊಂಬು ಎಲ್ಲಿಟ್ಟಿ ಮಾರಾಯ್ತಿ?"

"ಜರ್ಮನ್ ಸಾಮಾನೆಲ್ಲಾ ಅಟ್ಟದ ಮ್ಯಾಲ ಇಡತೀವಲ್ರೀ ಅಮ್ಮಾರ. ದೊಡ್ಡ ಬೋಗುಣ್ಯಾಗ ಅದ."

ಲತೀಶ ಅಟ್ಟದಿಂದ ಅಲ್ಯೂಮಿನಿಯಂ ಬೋಗುಣಿ ಇಳಿಸಿದ. ಒಳಗೆ ಜಿಂಕೆ, ನಾಯಿ, ಬಳ್ಳಿ ಎಲ್ಲವೂ ಇದ್ದವು.

"ವನಮಾಲಕ್ಕನಿಗೆ ಜರ್ಮನ್ ಅಂದರೆ ದೇಶ," ಎಂದರು ಕುಶಲಕ್ಕ. "ದಾನಮ್ಮನ ಊರಲ್ಲಿ ಜರ್ಮನ್ ಪಾತ್ರೆ ಅಂದರೆ ಅಲ್ಯೂಮಿನಿಯಂ. ಮಸಿ ಹಿಡಿದ ಚೊಂಬು ಬೆಳ್ಳಿಯದೆಂದು ಅವಳಿಗೆ ಹೇಳಿದವರಾರು? ತೆಗೆದಿಡಲು ಹೇಳಿದ್ದು ಜರ್ಮನ್, ಹುಡುಕಿದ್ದು ಚಾಂದಿ. ಇಟ್ಟೆ ಅಂದದ್ದೂ ನಿಜ, ಬೆಳ್ಳಿ ನೋಡಿಲ್ಲ ಅಂದದ್ದೂ ನಿಜ. ಕಳ್ಳರೇ ಇಲ್ಲ."

ಲತೀಶ ಮೊಬೈಲ್ ನೋಡತೊಡಗಿದ.

"ನಾಳೆ ಬರ್ತೀಯಲ್ಲ ದಾನಮ್ಮಾ?" ಎಂದರು ವನಮಾಲಕ್ಕ.

ದಾನಮ್ಮ ಸೆರಗಿನ ಗಂಟು ಬಿಚ್ಚಿ ಮನೆಯ ಕೀಲಿ ತೆಗೆದಳು. ಹೆಬ್ಬೆರಳೊತ್ತಿ ಮುಚ್ಚಳ ತೆರೆದು, ಕೀಲಿಯನ್ನು ಚೊಂಬಿನೊಳಗೆ ಹಾಕಿದಳು. "ನಿಮ್ಮ ಬೆಳ್ಳಿ ಸಿಕ್ತಲ್ರೀ ಅಮ್ಮಾರ," ಎಂದು ಮೆಟ್ಟಿಲಿಳಿದು ಹೋದಳು.

ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಜಯಶೀಲ ಕಾದಳು. ವನಮಾಲಕ್ಕನ ಕೈಗೆ ಕೊನೆಗೆ ಚೊಂಬೇ ಬಂತು ಎಂಬ ಮಾತು ಕುಶಲಕ್ಕನ ಬಾಯಿಂದ ಇನ್ನೇನು ಉದುರಬೇಕಿತ್ತು. ಉದುರಲಿಲ್ಲ. ದಿನವೂ ಅಣಕಿಸುತ್ತಿದ್ದ ರೈಲಿನ ಅನೌನ್ಸ್‌ಮೆಂಟನ್ನೂ ಅವರು ಅಂದು ಸುಮ್ಮನೆ ಕೇಳುತ್ತ ನಿಂತರು.