ಹತ್ತು ನಿಮಿಷಕ್ಕೊಮ್ಮೆ ನಿಲ್ಲುವ ಯಂತ್ರ

"ಏಯ್! ಬಿಡ್ರೀ ಅದನ್ನ! ಮುಟ್ಟಬ್ಯಾಡ್ರೀ!"

ಪಂಪಾವತಿ ಬಾಗಿಲಲ್ಲೇ ಕೂಗಿದಳು. ಆದರೆ ತಡವಾಗಿತ್ತು. ನೀಲಿ ಅಂಗಿಯ ಆ ಅಪರಿಚಿತ ಪ್ಲಗ್ಗು ಕಿತ್ತೇಬಿಟ್ಟಿದ್ದ. ಯಂತ್ರದ ಪರದೆ ಒಮ್ಮೆ ಮಿನುಗಿ ಕಪ್ಪಾಯಿತು.

ಹನ್ನೊಂದು ದಿನ ಕಾದದ್ದೆಲ್ಲ ಒಂದು ಕ್ಷಣದಲ್ಲಿ ಹೋಯಿತು!

"ನಿಂತುಬಿಟ್ಟಿತ್ರೀ ಇದು..." ಅವನು ಪ್ಲಗ್ಗು ಹಿಡಿದುಕೊಂಡೇ ತಬ್ಬಿಬ್ಬಾದ. "ನಿಂತ್ರ ಎಲ್ಲಾರೂ ಹಿಂಗ ಮಾಡ್ತಾರಲ್ರೀ. ಬಂದ್ ಮಾಡಿ ಚಾಲೂ ಮಾಡ್ತಾರ."

"ಅದು ನಿಂದರ್ಲಿ ಅಂತನ ನಾ ಹನ್ನೊಂದು ದಿನ ಕಾದೀನಿ! ಯಾಕ ನಿಂತೈತಿ ಅನ್ನೋದು ಅದರ ಮೆಮರಿಯೊಳಗ ಇತ್ತು. ಕರೆಂಟ್ ಹೋತು, ಅದೂ ಹೋತು! ಚೀಟಿ ಕಟ್ಟೀನಲ್ಲ, ಕಣ್ಣು ಕಾಣಸ್ತಾವೋ ಇಲ್ಲೋ ನಿಮಗ?"

ಯಂತ್ರದ ಮಗ್ಗುಲಿಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿಯನ್ನು ಅವನು ಆಗ ನೋಡಿದ. 'ನಿಂತರೆ ಬಂದ್ ಮಾಡಬೇಡಿ. ನನ್ನನ್ನು ಕರೆಯಿರಿ. ಪಂಪಾವತಿ.'

ಅವನು ಅದನ್ನು ಎರಡು ಸಲ ಓದಿದ. ಕಿವಿ ಕೆಂಪಾದವು.

"ಚೀಟಿ ನೋಡ್ಲಿಲ್ರೀ. ತಪ್ಪಾತು."

ನೆಪ ಹೇಳಿದ್ದರೆ ಇನ್ನೂ ನಾಲ್ಕು ಬೈಯಬಹುದಿತ್ತು. ನೇರವಾಗಿ ತಪ್ಪು ಒಪ್ಪಿಕೊಂಡವನನ್ನು ಏನೆಂದು ಬೈಯುವುದು? ಅದಕ್ಕೇ ಪಂಪಾವತಿಗೆ ಸಿಟ್ಟು ಇಮ್ಮಡಿಯಾಯಿತು.

ಸಿಂಧನೂರಿನ ಗಂಗಾವತಿ ರಸ್ತೆಯ ಈ ಅಂಗಡಿ ದಸ್ತಗೀರ್‌ಸಾಬರದು. ಮೊದಲು ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು, ಈಗ ಭತ್ತ ಪರೀಕ್ಷಿಸುವ ಯಂತ್ರ ಮಾಡುತ್ತಾರೆ. ಒಂದು ಹಿಡಿ ಭತ್ತ ಸುರಿದರೆ ಕ್ಯಾಮರಾ ಕಾಳಿನ ಫೋಟೊ ತೆಗೆಯುತ್ತದೆ, ಕೆಳಗಿನ ತಕ್ಕಡಿ ತೂಗುತ್ತದೆ, ಜೊಳ್ಳೆಷ್ಟು ಗಟ್ಟಿಯೆಷ್ಟು ಎಂದು ಪರದೆ ಹೇಳುತ್ತದೆ. ಕ್ಯಾಮರಾ, ತಕ್ಕಡಿ ಎರಡೂ ಒಂದೇ ಯುಎಸ್‌ಬಿ ಕಂಟ್ರೋಲರಿಗೆ ಜೋಡಿಸಿದವು. ಆ ಕಂಟ್ರೋಲರನ್ನು ಮಾತಾಡಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಪಂಪಾವತಿ ಎರಡು ವರ್ಷ ಕೂತು ಬರೆದದ್ದು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಹತ್ತು ಹದಿನೈದು ದಿನಕ್ಕೊಮ್ಮೆ, ಕಾರಣವೇ ಇಲ್ಲದೆ, ಯಂತ್ರ ಸುಮ್ಮನೆ ನಿಂತುಬಿಡುತ್ತಿತ್ತು.

ಗದ್ದಲ ಕೇಳಿ ದಸ್ತಗೀರ್‌ಸಾಬರು ಒಳಗೆ ಬಂದರು.

"ಪಂಪಮ್ಮ, ಇವರು ಕನಕರಾಜ್. ಹುಬ್ಬಳ್ಳಿ ಕಂಪನಿಯೋರು, ಊರು ಇಲ್ಲೇ ಗುರುಗುಂಟಾ. ಇವರ ಹತ್ರ ತಯಾರ್ ಕಂಟ್ರೋಲರ್ ಬೋರ್ಡ್ ಐತಿ, ಡ್ರೈವರ್ ಸಮೇತ." ಆಮೇಲೆ ದನಿ ತಗ್ಗಿಸಿದರು. "ಶನಿವಾರ ಮುಕ್ಕುಂದದ ರೈತರು ಯಂತ್ರ ನೋಡಾಕ ಬರ್ತಾರ. ಅಷ್ಟರಾಗ ಸರಿ ಹೋದ್ರ ನಿನ್ನ ಡ್ರೈವರ್ರೇ ಇರ್ಲಿ. ಇಲ್ಲಾಂದ್ರ ಇವರ ಬೋರ್ಡ್ ಹಾಕಬೇಕಾಗ್ತೈತಿ ಬೇಟಿ. ನಾ ಏನ್ ಮಾಡ್ಲಿ?"

ಅಂದು ಸೋಮವಾರ. ಇನ್ನು ಐದೇ ದಿನ!

'ಪ್ಲಗ್ಗು ಕಿತ್ತವನೇ ನನ್ನ ಡ್ರೈವರನ್ನೂ ಕೀಳಲು ಬಂದವನು!'

*

ಮರುದಿನ ಅವನೇ ಹತ್ತಿರ ಬಂದು ಕೇಳಿದ.

"ನಿಮ್ಮ ಕೋಡ್ ಓದ್ಲೇನ್ರೀ?"

"ಬೋರ್ಡ್ ಮಾರಾಕ ಬಂದೀರಿ, ಮಾರ್ರಿ. ಕೋಡ್ ಯಾಕ?"

"ನಿಮ್ಮ ಹನ್ನೊಂದು ದಿನ ಹಾಳು ಮಾಡೀನಿ. ಅಷ್ಟನ್ನ ವಾಪಸ್ ಕೊಟ್ಟು ಹೋಗ್ತೀನಿ."

ಪಂಪಾವತಿ ಲ್ಯಾಪ್‌ಟಾಪನ್ನು ಅವನತ್ತ ತಳ್ಳಿ ಮುಖ ತಿರುಗಿಸಿದಳು.

ಅವನು ದಿನವಿಡೀ ಓದಿದ. ತರಿಸಿದ ಮಿರ್ಚಿ ಭಜಿ ಆರಿ ಹೋಯಿತು, ಚಹಾದ ಮೇಲೆ ಕೆನೆಗಟ್ಟಿತು. ಸಂಜೆ ಐದಕ್ಕೆ ತಲೆ ಎತ್ತಿದ.

"ಇಷ್ಟು ಸ್ವಚ್ಛ ಕೋಡ್ ನಮ್ಮ ಆಫೀಸ್ನ್ಯಾಗ ಯಾರೂ ಬರ್ಯಂಗಿಲ್ಲ ಬಿಡ್ರಿ."

"ಸುಮ್ನ ಹೇಳಬ್ಯಾಡ್ರಿ."

"ನಂಗ ಸುಮ್ನ ಹೇಳಾಕ ಬರಂಗಿಲ್ಲ. ಅದಕ್ಕ ನನ್ನ ಬೋರ್ಡ್ ಹೆಚ್ಚು ಮಾರಾಟ ಆಗಂಗಿಲ್ಲ."

ಪಂಪಾವತಿಗೆ ನಗು ಬಂತು. ತಡೆದುಕೊಂಡಳು. ಆದರೂ ತುಟಿಯ ಅಂಚಿನಲ್ಲಿ ಸ್ವಲ್ಪ ಉಳಿದೇ ಹೋಯಿತು!

ಎರಡು ವರ್ಷದಲ್ಲಿ ಅವಳು ಬರೆದದ್ದನ್ನು ಯಾರೂ ಓದಿರಲಿಲ್ಲ. ಯಂತ್ರ ನಡೆದರೆ ಸೈ ಎನ್ನುವರು, ನಿಂತರೆ ಬೈಯುವರು. ಸಾಲು ಸಾಲಾಗಿ ಓದಿ, ಇದು ಚೆಂದ ಇದೆ ಎಂದವನು ಇವನೊಬ್ಬನೇ. ಎದೆಯಲ್ಲಿ ಏನೋ ಮೆತ್ತಗಾಯಿತು. ಅದು ಅವಳಿಗೇ ಇಷ್ಟವಾಗಲಿಲ್ಲ.

"ಮಸ್ಕಿ ತನಕ ಬಿಡ್ಲೇನ್ರೀ? ನನ್ನ ದಾರಿನೂ ಅದ," ಎಂದ ಬೈಕ್ ಚಾಲೂ ಮಾಡುತ್ತ.

"ಬಸ್ ಐತಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಸುಮ್ಮನೆ ಹಿಂದೆ ನೋಡಿದರೆ ಅದೇ ನೀಲಿ ಅಂಗಿ! ಮುಂದೆ ಹೋಗಲು ರಸ್ತೆ ಖಾಲಿ ಇದ್ದರೂ ಹೋಗದೆ, ಬಸ್ಸಿನ ಹೊಗೆ ಕುಡಿಯುತ್ತ ಹಿಂದೆಯೇ ಬರುತ್ತಿದ್ದ. ಮಸ್ಕಿಯಲ್ಲಿ ಅವಳು ಇಳಿದು ತನ್ನೂರು ಪಾಮನಕಲ್ಲೂರಿನ ಬಸ್ಸು ಹತ್ತುವ ತನಕ ನಿಂತಿದ್ದು, ಒಮ್ಮೆ ಹಾರ್ನ್ ಬಾರಿಸಿ ಲಿಂಗಸುಗೂರಿನ ಕಡೆ ಹೊರಟ.

'ಹುಚ್ಚ!' ಎಂದುಕೊಂಡಳು. ರಾತ್ರಿ ಊಟಕ್ಕೆ ಕೂತಾಗಲೂ ಅದನ್ನೇ ಅಂದುಕೊಂಡು ನಕ್ಕಳು.

ಬುಧವಾರ ಇಬ್ಬರೂ ಒಂದೇ ಮೇಜಿಗೆ ಕೂತರು. ದೋಷ ಸಿಗಲಿಲ್ಲ. ಆದರೆ ದಿನ ಹೋದದ್ದೂ ಗೊತ್ತಾಗಲಿಲ್ಲ.

*

ಗುರುವಾರ ಬಸ್ಸು ತಡವಾಯಿತು. ಪಂಪಾವತಿ ಅಂಗಡಿಗೆ ಬಂದಾಗ ಯಂತ್ರ ನಿಂತಿತ್ತು.

ಚಾಲೂ ಮಾಡಿದಳು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಮತ್ತೆ ಚಾಲೂ ಮಾಡಿದಳು. ಮತ್ತೆ ನಿಂತಿತು!

ಹತ್ತು ಹದಿನೈದು ದಿನಕ್ಕೊಮ್ಮೆ ನಿಲ್ಲುತ್ತಿದ್ದದ್ದು ಹತ್ತು ನಿಮಿಷಕ್ಕೊಮ್ಮೆ... ಕೋಡ್ ತೆರೆದು ನೋಡಿದಳು. ಇಂಟರಪ್ಟ್‌ಗೆ ಅಂದರೆ ಕ್ಯಾಮರಾ, ತಕ್ಕಡಿಗಳ ಕರೆಗೆ ಉತ್ತರ ಕೊಡುವ ಭಾಗದಲ್ಲಿ ಅವಳ ಒಂದು ಸಾಲು ಮಾಯವಾಗಿತ್ತು. ತೆಗೆದವರ ಹೆಸರು ಕನಕರಾಜ. ಸಮಯ ಬೆಳಿಗ್ಗೆ ಎಂಟೂ ನಲವತ್ತು.

ಆಗ ಹಿತ್ತಿಲಿನಿಂದ ಅವನ ದನಿ ಕೇಳಿತು. ಆಫೀಸಿನ ಗೆಳೆಯನ ಜೊತೆ ಫೋನಿನಲ್ಲಿದ್ದ.

"ಇಶ್ತಿಯಾಕ್, ಹತ್ತು ನಿಮಿಷಕ್ಕೊಮ್ಮೆ ನಿಂದ್ರಾಕತ್ತೈತೋ! ಬಾಳ ಚಲೋ ಆತು ನೋಡಪಾ!"

ಚಲೋ ಆಯಿತೇ?!

ಅವನು ನಗುತ್ತಲೇ ಒಳಗೆ ಬಂದ. ಅವಳ ಮುಖ ನೋಡಿ ನಗು ನಿಂತಿತು.

"ನನ್ನ ಸಾಲು ಯಾಕ ತೆಗ್ದ್ರಿ?"

"ಅದನ್ನ ಹೇಳಬೇಕಂತನ... ಚೀಟಿ..."

"ಏನೂ ಹೇಳಬ್ಯಾಡ್ರಿ! ನಾ ಎಲ್ಲಾ ಕೇಳೀನಿ. ಯಂತ್ರ ಕೆಡಿಸಿದ್ರ ಶನಿವಾರ ನಿಮ್ಮ ಬೋರ್ಡ್ ಹೋಗ್ತೈತಿ, ಅಷ್ಟ ಹೌದಲ್ಲ? ಕೋಡ್ ಚೆಂದೈತಿ ಅಂದದ್ದೂ ಅದಕ್ಕ. ಬಸ್ಸಿನ ಹಿಂದ ಬಂದದ್ದೂ ಅದಕ್ಕ!"

"ಪಂಪಾವತಿಯವರ..."

"ಹೋಗ್ರಿ! ಇನ್ನೊಮ್ಮೆ ನನ್ನ ಕಣ್ಣಿಗೆ ಬೀಳಬ್ಯಾಡ್ರಿ!"

ಅವಳ ಕಣ್ಣಲ್ಲಿ ನೀರು ಕಂಡು ಅವನು ಹೊರಗೆ ನಡೆದ. ಬೈಕಿನ ಸದ್ದು ಮಸ್ಕಿ ರಸ್ತೆಯ ಕಡೆ ಹೋಯಿತು.

ಪಂಪಾವತಿ ಕಣ್ಣೊರೆಸಿಕೊಂಡು ಆ ಸಾಲನ್ನು ಮತ್ತೆ ಹಾಕಿದಳು. ಯಂತ್ರ ನಡೆಯಿತು. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ...

'ನೋಡು! ಇವನದೇ ಕಿತಾಪತಿ!'

ಹಾಗೆಂದುಕೊಂಡವಳು ಅಲ್ಲೇ ನಿಂತಳು. ಅಲ್ಲ... ಆ ಸಾಲು ಮಾಡುವುದಾದರೂ ಏನು? 'ಇಂಟರಪ್ಟ್ ಬಂತು' ಎಂದು ಲಾಗಿನಲ್ಲಿ, ಅಂದರೆ ಯಂತ್ರದ ದಿನಚರಿಯಲ್ಲಿ, ಬರೆಯುವುದು, ಅಷ್ಟೇ! ಶುರುವಿನಲ್ಲಿ ನೋಡಲೆಂದು ಹಾಕಿ ಅವಳೇ ಮರೆತದ್ದು. ಬರೀ ಬರೆಯುವ ಸಾಲು ಇದ್ದರೆ ಯಂತ್ರ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ ಎಂದರೆ... ಆ ಬರೆಯುವ ಹೊತ್ತಿನ ತಡ ಯಾವುದೋ ದೋಷವನ್ನು ಮುಚ್ಚಿಡುತ್ತಿದೆ! ಎರಡು ವರ್ಷದಿಂದ!

ಅಪರೂಪಕ್ಕೆ ಬರುವ ದೋಷವನ್ನು ಹಿಡಿಯಲಾಗದು. ಪದೇ ಪದೇ ಬಂದರೆ ಮಾತ್ರ ಹಿಡಿಯಬಹುದು. ಡ್ರೈವರ್ ಬರೆಯುವ ಯಾರಿಗಾದರೂ ಅದು ಹಬ್ಬ. ಅವನು 'ಚಲೋ ಆತು' ಎಂದದ್ದು ಅದಕ್ಕೆ!

ಅವಳ ಕೈ ತಾನಾಗಿ ಯಂತ್ರದ ಚೀಟಿಗೆ ಹೋಯಿತು. ಮುಟ್ಟುವ ಮೊದಲು ಓದಬೇಕು, ಮುಟ್ಟಿದ ಮೇಲೆ ಬರೆಯಬೇಕು ಎಂಬುದು ವೈಂಡಿಂಗ್ ಕಾಲದಿಂದ ಈ ಅಂಗಡಿಯ ಕಾಯಿದೆ. ಇಂದು ಅದನ್ನು ಮುರಿದವಳು ಅವಳೇ. ಚೀಟಿಯ ಹಿಂದೆ ಹೊಸ ಅಕ್ಷರಗಳಿದ್ದವು.

'ಲಾಗ್ ಬರೆಯುವ ಒಂದು ಸಾಲು ತೆಗೆದಿದ್ದೇನೆ. ದೋಷ ಈಗ ಬೇಗ ಬೇಗ ಬರುತ್ತಿದೆ, ಹಿಡಿಯುವುದು ಸುಲಭ. ಪಂಪಾವತಿಯವರೇ ಹಿಡಿಯಬೇಕು, ಡ್ರೈವರ್ ಅವರದು. ಹಿಡಿದರೆ ನಮ್ಮ ಬೋರ್ಡ್ ಬೇಕಾಗುವುದಿಲ್ಲ. ಕನಕರಾಜ.'

'ಅಯ್ಯೋ... ನಾನೇನು ಮಾಡಿದೆ!'

ಪಂಪಾವತಿ ಚೀಟಿಯನ್ನು ಎದೆಗೊತ್ತಿಕೊಂಡು ಅತ್ತಳು. ಚೆನ್ನಾಗಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಕೆಲಸಕ್ಕೆ ಕೂತಳು. ಅವನು ಹಿಡಿಯಿರಿ ಎಂದಿದ್ದನಲ್ಲ, ಹಿಡಿಯದೆ ಅವನಿಗೆ ಯಾವ ಮುಖ ತೋರಿಸುವುದು?

*

ಶುಕ್ರವಾರ ಮಧ್ಯಾಹ್ನ ದೋಷ ಸಿಕ್ಕಿತು. ಒಂದು ಸಾಲನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದಳು. ಮುಚ್ಚಿಡುವ ಸಾಲು ಇಲ್ಲದೆಯೇ ಯಂತ್ರ ಮರುದಿನದ ತನಕ ನಿಲ್ಲದೆ ನಡೆಯಿತು.

ಶನಿವಾರ ಮುಕ್ಕುಂದದ ರೈತರು ಬಂದು ತರತರದ ಭತ್ತ ಸುರಿದರು. ಸಂಜೆಯ ತನಕ ಒಮ್ಮೆಯೂ ನಿಲ್ಲಲಿಲ್ಲ. "ಇದನ್ನ ಕೊಡ್ರಿ," ಎಂದು ಹೇಳಿ ಹೋದರು.

"ಏನಾಗಿತ್ತು ಬೇಟಿ? ನಂಗ ತಿಳಿಯಂಗ ಹೇಳು," ಎಂದರು ದಸ್ತಗೀರ್‌ಸಾಬರು.

"ಚಾಚಾ, ದವಾಖಾನ್ಯಾಗ ಪೇಷಂಟ್ ಗುಂಡಿ ಒತ್ತಿದ್ರ ನರ್ಸ್ ಹತ್ರ ಕೆಂಪು ಲೈಟ್ ಹತ್ತತೈತಿ. ಆಕಿ ಹೋಗಿ ಎಲ್ಲಾರ್ನೂ ನೋಡಿ ಬಂದು, ಆಮ್ಯಾಲೆ ಲೈಟ್ ಆರಸ್ತಾಳ. ಆಕಿ ತಿರುಗಿ ಬರೋದ್ರಾಗ ಇನ್ನೊಬ್ಬರು ಒತ್ತಿದ್ರ?"

"ಅವರ ಲೈಟೂ ಆರಿ ಹೋಗ್ತೈತಿ! ಯಾರೂ ಬರಂಗಿಲ್ಲ."

"ಹೌದು. ಕ್ಯಾಮರಾ ಕರೀತಿತ್ತು, ಉತ್ತರ ಕೊಡ್ತಿದ್ದೆ. ಅಷ್ಟರಾಗ ತಕ್ಕಡಿ ಕರೀತಿತ್ತು, ನಾ ನೋಡದನ ಅಳಸ್ತಿದ್ದೆ. ಈಗ ಮೊದ್ಲು ಲೈಟ್ ಆರಿಸಿ, ಆಮ್ಯಾಲೆ ನೋಡಾಕ ಹೋಗ್ತೀನಿ. ನಡುವ ಯಾರು ಕರದ್ರೂ ಮತ್ತ ಹತ್ತತೈತಿ."

"ಶಾಭಾಸ್!" ಎಂದು ಅವರು ತೊಡೆ ತಟ್ಟಿದರು. "ಆ ಕನಕರಾಜ್ ಎಲ್ಲಿ? ಕಾಣವಲ್ಲ?"

"ನಾ ಓಡಿಸೀನಿ ಚಾಚಾ."

ದಸ್ತಗೀರ್‌ಸಾಬರು ಅವಳ ಮುಖವನ್ನೇ ನೋಡಿದರು. "ಓಡಿಸಿದೋರನ್ನ ಕರೀಬೇಕಾದಾಕಿನೂ ನೀನ ಬೇಟಿ," ಎಂದರು.

ಮನೆಗೆ ಬಂದಾಗ ತಾಯಿ ಗ್ಯಾನಮ್ಮ ಬಾಗಿಲಲ್ಲೇ ಕೇಳಿದಳು.

"ಯಂತ್ರ ಸರಿ ಹೋಗೇತಿ ಅಂತಿ. ಮತ್ತ ಮಾರಿ ಯಾಕ ಹಿಂಗೈತಿ?"

ಪಂಪಾವತಿ ತಾಯಿಯ ಪಕ್ಕ ಕೂತಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು.

*

ಭಾನುವಾರ ಬೆಳಿಗ್ಗೆ ಮಸ್ಕಿ, ಅಲ್ಲಿಂದ ಲಿಂಗಸುಗೂರು, ಅಲ್ಲಿಂದ ಗುರುಗುಂಟಾ. ಮೂರು ಬಸ್ಸು ಬದಲಿಸಿ ಪಂಪಾವತಿ ಅಲ್ಲಿ ಇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿದ್ದರೆ ಇಷ್ಟು ದೂರ ಬರುತ್ತಿದ್ದಳೇ?

ಕೇಳಿಕೊಂಡು ಮನೆ ಹುಡುಕಿದಳು. ಅಂಗಳದಲ್ಲಿ ಕನಕರಾಜ ಲುಂಗಿ ಬನಿಯನ್‌ನಲ್ಲಿ ಕೂತು, ಒಂದು ಕುರಿಮರಿಯನ್ನು ಮೊಣಕಾಲ ನಡುವೆ ಹಿಡಿದು ಔಷಧಿ ಕುಡಿಸುತ್ತಿದ್ದ. ಅವಳನ್ನು ಕಂಡದ್ದೇ ಕೈ ಸಡಿಲಾಯಿತು. ಮರಿ ಔಷಧಿಯನ್ನೆಲ್ಲ ಅವನ ಬನಿಯನ್ ಮೇಲೆ ಉಗುಳಿ ಓಡಿಹೋಯಿತು!

"ನೀ... ನೀವೇನ್ರೀ ಇಲ್ಲಿ?"

"ಚೀಟಿ ಓದಿದೆ." ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತೆಲ್ಲ ಮರೆತುಹೋಗಿ ಅಷ್ಟೇ ಉಳಿದಿತ್ತು. "ತಡ ಮಾಡಿ ಓದಿದೆ. ತಪ್ಪಾತ್ರೀ... ಬಾಳ ತಪ್ಪಾತು."

"ನಾನೂ ಹೇಳದನ ಸಾಲು ತೆಗೀಬಾರದಿತ್ತು. ಬಿಡ್ರಿ." ಅವನು ಎದ್ದು ನಿಂತ. "ದಸ್ತಗೀರ್‌ಸಾಬ್ರು ಫೋನ್ ಮಾಡಿದ್ರು. ದವಾಖಾನಿ ಲೈಟಿನ ಕತಿ ನಂಗೂ ಹೇಳಿದ್ರು. ಬಾಳ ಖುಷಿ ಆತ್ರೀ."

"ನಿಮ್ಮ ಬೋರ್ಡ್ ಹೋತಲ್ಲ?"

"ಹೋತು. ಮಾರಾಕ ಹೋಗಿ ರಿಪೇರಿ ಮಾಡಿ ಬಂದಿ ಅಂತ ಇಶ್ತಿಯಾಕ್ ನಗಾಕತ್ತಾನ."

ಅವಳು ನಕ್ಕಳು. ನಗುವಿನ ಜೊತೆ ಕಣ್ಣೀರೂ ಬಂತು.

"ಬಸ್ಸಿನ ಹಿಂದ ಯಾಕ ಬಂದ್ರಿ ಅವತ್ತು? ಖರೇ ಹೇಳ್ರಿ."

ಕನಕರಾಜ ನೆಲ ನೋಡಿದ. "ನೀವು ಕಿಟಕಿ ಹತ್ರ ಕೂತಿದ್ರಿ. ಮುಂದ ಹೋದ್ರ ಕಾಣಂಗಿಲ್ಲಲ್ರೀ... ಮೊದಲ್ನೇ ದಿನ ಬೈದ್ರಲ್ಲ, ಅವತ್ತಿಂದ ನಿಮ್ಮ ಹೊರ್ತು ತಲ್ಯಾಗ ಬ್ಯಾರೆ ಏನೂ ಇಲ್ಲ."

ಇದನ್ನು ಕೇಳಲೆಂದೇ ಅಲ್ಲವೇ ಅವಳು ಬಂದದ್ದು!

"ಆದ್ರ ಈಗ ನಿಮ್ಮ ಡ್ರೈವರ್ ಸರಿ ಹೋಗೇತಿ," ಅವನ ದನಿ ಸಣ್ಣಗಾಯಿತು. "ಇನ್ನ ಸಿಂಧನೂರಾಗ ನಂಗೇನು ಕೆಲಸ?"

"ಕೆಲಸ ಇದ್ರನ ಬರ್ಬೇಕೇನು?"

"ಮತ್ತ ಏನಂತ ಹೇಳಿ ಬರ್ಲಿ?"

"ಪಂಪಾವತಿನ್ನ ನೋಡಾಕ ಬಂದೀನಿ ಅಂತ ಹೇಳು."

ರೀ ಬಿಟ್ಟುಹೋದದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಅದನ್ನು ಹಾಗೇ ಬಿಟ್ಟರು.

"ದಸ್ತಗೀರ್‌ಸಾಬ್ರು ಕೇಳಿದ್ರ?"

"ಅವರಿಗೂ ಅದನ್ನ ಹೇಳು."

"ನಿಮ್ಮವ್ವ ಕೇಳಿದ್ರ?"

ಪಂಪಾವತಿ ಸೆರಗಿನಿಂದ ಅವನ ಕೈ ಮೇಲಿನ ಔಷಧಿ ಒರೆಸಿದಳು.

"ಅವ್ವಗ ನಾ ನಿನ್ನೇನ ಹೇಳೀನಿ," ಎಂದಳು.