ಹುಸೇನಬಾಷಾ ನಿಲ್ಲಿಸಿದ ಜಾಗ

"ಅಕ್ಕಾರ, ಆ ಕ್ಯಾಸೆಟ್ ನಾನ ಕದ್ದೇನಿ ಅಂತಾರ್ರಿ. ಗುರುವಿನ ಮನ್ಯಾಗ ಕಳ್ಳ ಆದೆ," ಎಂದು ಗಿಟಾರ್ ಕಲಿಯುವ ಜಾಕೀರ ಕಣ್ಣೀರು ಹಾಕುವಷ್ಟರಲ್ಲಿ ಗಾರ್ಗಿ ಚಪ್ಪಲಿ ಮೆಟ್ಟಿಯಾಗಿತ್ತು. ಕೇಶ್ವಾಪುರದ ಈ ಪತ್ತೇದಾರಿಣಿಯ ಹಿಂದೆ ಗೆಳತಿ ಉಮಾಶ್ರೀ ಎಂದಿನಂತೆ ಚಹಾ ಅರ್ಧಕ್ಕೇ ಬಿಟ್ಟು ಓಡಿದಳು.

ಜಾಕೀರನ ಗುರು ಹುಸೇನಬಾಷಾ ಒಂದು ಕಾಲಕ್ಕೆ ಹುಬ್ಬಳ್ಳಿಯ ವೇದಿಕೆಯ ಮೇಲೆ ನುಡಿಸಿದ ರಾಕ್ ಸಂಗೀತದ ಕ್ಯಾಸೆಟ್ ಅದು. ಪ್ರತಿಯಿಂದ ಪ್ರತಿಯಾಗಿ ಹಬ್ಬಿ, ಅವಳಿ ನಗರದ ಗಿಟಾರ್ ಹುಡುಗರಿಗೆಲ್ಲ ಪಾಠವಾಗಿತ್ತು. ಕೊನೆಯ ಹಾಡಿನ ನಡುವೆ ಗಿಟಾರ್ ತಟಕ್ಕನೆ ನಿಂತು ಮತ್ತೆ ಶುರುವಾಗುತ್ತದೆ. ಅದೇ ಗುರುವಿನ ಶೈಲಿ ಎಂದುಕೊಂಡು ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ. ಈಗ ಗುರು ತೀರಿಕೊಂಡಿದ್ದರು. ನವನಗರದ ನೆನಪಿನ ಸಭೆಗೆ ಮೂಲ ಕ್ಯಾಸೆಟ್ಟೇ ಬೇಕಿತ್ತು, ಅದೇ ಕಾಣೆಯಾಗಿತ್ತು.

"ಅದನ್ನ ಇಂಟರ್ನೆಟ್ಟಿಗೆ ಹಾಕೂನು ಅಂತ ಬೆನ್ನು ಹತ್ತಿದವ ಇವನ. ಮತ್ಯಾರು ಒಯ್ದಾರು?" ಗುರುವಿನ ಮನೆಯ ಪಡಸಾಲೆಯಲ್ಲಿ ಅವರ ಹಳೆಯ ಡ್ರಮ್ ವಾದಕ ನೀಲಕಂಠಪ್ಪ ಗುಡುಗಿದರು.

ಗುರುವಿನ ಹೆಂಡತಿ ದಾವಲಬಿ ಪರದೆಯ ಒಳಗಿದ್ದರು. ಗಂಡ ತೀರಿದ ಮೇಲಿನ ಇದ್ದತ್ತಿನ ದಿನಗಳವು. ಅವರು ಹೊರಬರುವಂತಿಲ್ಲ, ಪರಗಂಡಸರು ಒಳಹೋಗುವಂತಿಲ್ಲ. ಗಾರ್ಗಿ, ಉಮಾಶ್ರೀ ಒಳಗೆ ಹೋದರು. ಟೇಪ್‌ರೆಕಾರ್ಡರಿನ ಗುಂಡಿಗಳಲ್ಲಿ ಹಿಂದಕ್ಕೆ ಸುತ್ತುವುದು ಮಾತ್ರ ಸವೆದು ನುಣ್ಣಗಾಗಿತ್ತು. ಪಕ್ಕದಲ್ಲಿ ಉಗುರುಬಣ್ಣದ ಶೀಶೆ, ಮುಚ್ಚಳ ಇನ್ನೂ ಹಸಿ. ದಾವಲಬಿಯ ಕೈಯಲ್ಲಿ ಬಳೆ ಕೂಡ ಇರಲಿಲ್ಲ. "ಯಾರೋ ಒಯ್ದಾರವ್ವಾ," ಎಂದು ಅವರು ಗೋಡೆ ಹಿಡಿದು ನಿಂತರು.

ಗಾರ್ಗಿ ಹೊರಗಿನವರಿಗೂ ಕೇಳುವಂತೆ ಪರದೆಯ ಹತ್ತಿರ ನಿಂತಳು.

"ಕ್ಯಾಸೆಟ್ ಇದ್ದದ್ದು ಒಳಗ. ನೀಲಕಂಠಪ್ಪ ಕಾಕಾರಾಗ್ಲಿ, ಜಾಕೀರ ಆಗ್ಲಿ ಈ ಪರದೆ ದಾಟಿಲ್ಲ. ಸಿಂಗಾರ ಬಿಟ್ಟ ಹೆಣ್ಣಮಗಳಿಗೆ ಉಗುರಬಣ್ಣ ಯಾಕ? ಹರಿದ ಟೇಪು ಅಂಟಸಾಕ. ಹಿಂದಕ್ಕ ಸುತ್ತಿ ಸುತ್ತಿ ಅದೊಂದ ಜಾಗ ಕೇಳೀರಿ, ಟೇಪು ಹರೀತು. ಹೌದಲ್ರಿ ಚಾಚಿ?"

ದಾವಲಬಿ ದಿಂಬಿನಡಿಯಿಂದ ಕ್ಯಾಸೆಟ್ ತೆಗೆದರು. "ಅಲ್ಲೆ ಅವರು ನನ್ನ ಕೂಡ ಮಾತಾಡ್ಯಾರವ್ವಾ. ನಾ ಅಂಟಸೂದ್ರಾಗ ಆ ಮಾತ ಹೋತು. ಹುಡುಗರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದು ಬಿಕ್ಕಿದರು. ಉಮಾಶ್ರೀಗೆ ದುಃಖ ಉಕ್ಕಿ ಬಂತು.

ಹೊರಗಿನಿಂದ ನೀಲಕಂಠಪ್ಪನವರ ದನಿ ಬಂತು, ಈಗ ಮೆತ್ತಗೆ. "ಖರೇ ಅದವ್ವಾ. ಅವತ್ತು ನೀ ಬಸುರಿ, ಎಲ್ಲಾರ ಹಿಂದ ನಿಂತಿದ್ದಿ. ಹುಸೇನಬಾಷಾ ಬಾರಿಸೂದು ನಿಲ್ಲಿಸಿ, 'ದಾವಲಬಿ, ನಿಂದರಬ್ಯಾಡ, ಕುಂದ್ರು' ಅಂದ. ಪ್ರತಿ ಮಾಡೂದ್ರಾಗ ದನಿ ಅಳಿಸಿ ಹೋತು. ಹುಡುಗರಿಗೆ ಬರೇ ನಿಲ್ಲಿಸಿದ್ದು ಕೇಳ್ತು. ಜಾಕೀರಾ, ನನ್ನ ಮಾತು ಹೊಟ್ಟ್ಯಾಗ ಹಾಕ್ಕೋಪಾ."

ಜಾಕೀರ ಪಡಸಾಲೆಯಲ್ಲಿ ಕುಳಿತು ಗುರುವಿನ ಗಿಟಾರ್ ಎತ್ತಿಕೊಂಡು ಅದೇ ಹಾಡು ನುಡಿಸಿದ. ಆ ಜಾಗ ಬಂದಾಗ, ಇಷ್ಟು ವರ್ಷ ಎಲ್ಲರೂ ನಿಲ್ಲಿಸಿದಂತೆಯೇ ನಿಲ್ಲಿಸಿದ.

ಪರದೆಯ ಒಳಗೆ, ಅಷ್ಟು ಹೊತ್ತೂ ನಿಂತೇ ಇದ್ದ ದಾವಲಬಿ ಮೆಲ್ಲಗೆ ಕುಳಿತರು.